ಬಾದನಹಟ್ಟಿಯ ಒಲೆ, ಅಪ್ಪನ ತಕ್ಕಡಿ

ಬಳ್ಳಾರಿ ಪೇಟೆಯಲ್ಲಿ ನಮ್ಮಪ್ಪನದು ತಕ್ಕಡಿ ರಿಪೇರಿ ಅಂಗಡಿ. ಅಂಗಡಿ ಎಂದರೆ ಒಬ್ಬರು ಕಾಲು ಮಡಚಿ ಕೂತರೆ ಇನ್ನೊಬ್ಬರು ನಿಂತೇ ಮಾತಾಡಬೇಕು, ಅಷ್ಟೇ ಜಾಗ. ಸೊಟ್ಟಗಾದ ದಂಡಿಗೆಯನ್ನು ನೆಟ್ಟಗೆ ಮಾಡುವುದು, ಸವೆದ ಮುಳ್ಳು ಬದಲಿಸುವುದು, ತೂಕದ ಕಲ್ಲುಗಳನ್ನು ಸರಿನೋಡಿ ಸರ್ಕಾರದ ಮುದ್ರೆಗೆ ಸಿದ್ಧ ಮಾಡಿಕೊಡುವುದು ಅವನ ಕೆಲಸ. ಕಬ್ಬಿಣದವಾದರೂ ನಮ್ಮ ಕಡೆ ಅವಕ್ಕೆ ಕಲ್ಲು ಎಂದೇ ಹೆಸರು. ಕೋಪ ಅವನಿಗೆ ಮೂಗಿನ ತುದಿಯಲ್ಲಿ. ರಿಪೇರಿಗೆ ಬಂದ ಕಲ್ಲು ಕಳ್ಳ ಕಲ್ಲಾಗಿದ್ದರೆ, ಅಂದರೆ ಒಳಗೆ ಕೊರೆದು ಟೊಳ್ಳು ಮಾಡಿ ಮೇಲೆ ಸೀಸ ಮುಚ್ಚಿದ್ದಾಗಿದ್ದರೆ, ಅದನ್ನು ವಾಪಸ್ ಕೊಡುತ್ತಿರಲಿಲ್ಲ. "ಪೊಲೀಸ್ ಠಾಣೆಗೆ ನಡಿ, ಅಲ್ಲೇ ಕೊಡ್ತೀನಿ" ಎನ್ನುತ್ತಿದ್ದ. ಯಾರೂ ಠಾಣೆಯವರೆಗೆ ಬಂದದ್ದಿಲ್ಲ. ಹಾಗೆ ಹಿಡಿದ ಕಲ್ಲುಗಳನ್ನೆಲ್ಲ ಬೆಂಚಿನ ಕೆಳಗೆ ಒಂದು ಹಳೆಯ ಎಣ್ಣೆ ಡಬ್ಬದಲ್ಲಿ ಹಾಕಿಡುತ್ತಿದ್ದ. ಗುಜರಿಗೆ ಹಾಕಿದರೆ ಮತ್ತೆ ಯಾವನಾದರೂ ಎತ್ತಿಕೊಂಡು ಹೋಗಿ ಮಂದಿಗೆ ಮೋಸ ಮಾಡುತ್ತಾನೆ ಎಂದು ಗುಜರಿಗೂ ಹಾಕುತ್ತಿರಲಿಲ್ಲ.

ಆ ವರ್ಷಗಳು ಬಳ್ಳಾರಿಗೆ ಅದಿರಿನ ವರ್ಷಗಳು. ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೋಗುತ್ತಿದ್ದವು, ಧೂಳು ನಮಗೆ ಉಳಿಯುತ್ತಿತ್ತು. ಕೌಲ್ ಬಜಾರಿನ ನಮ್ಮ ಮನೆಯಲ್ಲಿ ಅಮ್ಮ ಬಿಳಿ ಬಟ್ಟೆಯನ್ನು ಹೊರಗೆ ಒಣಗಿಸುವುದನ್ನೇ ಬಿಟ್ಟಿದ್ದಳು. ಒಂದು ದಿನ ಲಾರಿ ಮಾಲೀಕನೊಬ್ಬ ಅಪ್ಪನ ಹತ್ತಿರ ಬಂದು, "ಲಾರಿ ತೂಗೋ ವೇ ಬ್ರಿಡ್ಜು ಸ್ವಲ್ಪ ಮೆತ್ತಗ ಆಗಿ ತೂಕ ಕಡಿಮಿ ತೋರಸಬೇಕಿತ್ತು, ನಿಮಗ ಏನರ ವಿದ್ಯಾ ಗೊತ್ತೈತೇನ್ರಿ" ಎಂದು ಕೇಳಿದ. ಅಪ್ಪ ಮಾತಾಡದೆ ಚಪ್ಪಲಿ ಹುಡುಕಲು ಶುರುಮಾಡಿದ. ಅದು ಡಬ್ಬದ ಹಿಂದೆ ಸಿಗುವಷ್ಟರಲ್ಲಿ ಆ ಮನುಷ್ಯ ರಸ್ತೆ ದಾಟಿ ಹೋಗಿದ್ದ.

ಗೃಹವಿಜ್ಞಾನ ಓದಿ ಮನೆಯಲ್ಲಿ ಕೂತಿದ್ದ ನನಗೆ ಅದೇ ಕಾಲದಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುತ್ತಿಗೆಯ ಕೆಲಸ ಸಿಕ್ಕಿತು. ನಮ್ಮ ಸಾಹೇಬರು ಮೈಸೂರು ಕಡೆಯವರು. ಬಳ್ಳಾರಿಗೆ ವರ್ಗವಾಗಿ ಬಂದ ದಿನ ಮೂಗಿಗೆ ಹಿಡಿದ ಕರವಸ್ತ್ರವನ್ನು ಇನ್ನೂ ಇಳಿಸಿರಲಿಲ್ಲ. ಅದರ ಹಿಂದಿನಿಂದಲೇ ನನಗೆ ಕೆಲಸ ವಿವರಿಸಿದರು.

"ನೋಡಮ್ಮ, ಪ್ರಪಂಚದ ದೇಶಗಳೆಲ್ಲ ಒಂದು ಕಡೆ ಕೂತು, ಭೂಮಿ ಬಿಸಿಯಾಗ್ತಿದೆ, ಹೊಗೆ ಕಮ್ಮಿ ಮಾಡೋಣ ಅಂತ ಸಹಿ ಹಾಕಿವೆ. ನಮ್ಮ ದೇಶನೂ ಹಾಕಿದೆ. ನಮ್ಮಲ್ಲಿ ಹೊಗೆ ಎಷ್ಟು ಕಮ್ಮಿ ಆಯ್ತು ಅಂತ ಅಳೆದು ತೋರಿಸಿದ್ರೆ ಶ್ರೀಮಂತ ದೇಶದೋರು ಸಹಾಯ ಮಾಡ್ತಾರೆ. ಆ ಅಳತೆ ಶುರುವಾಗೋದು ಬಾದನಹಟ್ಟಿಯಿಂದ. ನೀವು ಹೋಗಿ ತೂಕ ಮಾಡ್ಕೊಂಡು ಬರಬೇಕು."

ಅಷ್ಟರಲ್ಲಿ ಕಿಟಕಿಯಾಚೆ ಅದಿರಿನ ಲಾರಿಗಳ ಸಾಲೊಂದು ಕರಿ ಹೊಗೆ ಬಿಡುತ್ತ ಹಾದುಹೋಯಿತು. ಸಾಹೇಬರು ಎದ್ದು ಕಿಟಕಿ ಮುಚ್ಚಿ ಬಂದು ಮಾತು ಮುಂದುವರಿಸಿದರು.

ಯೋಜನೆ ಸರಳವಾಗಿತ್ತು. ಬಾದನಹಟ್ಟಿಯ ಕೆಲವು ಮನೆಗಳಿಗೆ ಹೊಗೆ ಕೊಳವೆ ಇರುವ ಹೊಸ ಒಲೆ ಕಟ್ಟಿಸಿಕೊಡುವುದು. ಅಷ್ಟೇ ಸಂಖ್ಯೆಯ ಇನ್ನು ಕೆಲವು ಮನೆಗಳಲ್ಲಿ ಹಳೆಯ ಒಲೆಯನ್ನು ಹಾಗೇ ಬಿಡುವುದು, ಹೋಲಿಕೆಗೆ. ಎರಡೂ ಕಡೆ ದಿನಕ್ಕೆ ಎಷ್ಟು ಕಟ್ಟಿಗೆ ಸುಟ್ಟಿತು ಎಂದು ತೂಗುವುದು. ಹೊಸ ಒಲೆಯಲ್ಲಿ ಉಳಿತಾಯ ಕಂಡರೆ ಎರಡನೆಯ ಕಂತಿನಲ್ಲಿ ಉಳಿದವರಿಗೂ ಒಲೆ. ನಮೂನೆಗಳು ಪರದೇಶದಲ್ಲಿ ಹುಟ್ಟಿ, ದೆಹಲಿಯಲ್ಲಿ ದಪ್ಪಗಾಗಿ, ಬೆಂಗಳೂರಿನಲ್ಲಿ ಕನ್ನಡವಾಗಿ ನಮಗೆ ಬರುತ್ತಿದ್ದವು. ಸಿರುಗುಪ್ಪದ ಹತ್ತಿರದ ಇನ್ನೊಂದು ಹಳ್ಳಿಯೂ ಪಟ್ಟಿಯಲ್ಲಿತ್ತು. ಅಲ್ಲಿ ರೈಸ್ ಮಿಲ್ಲುಗಳ ನೆರಳಲ್ಲಿ ಅರ್ಧ ಊರು ಒಲೆಗೆ ಹಾಕುವುದೇ ಭತ್ತದ ಹೊಟ್ಟು, ನಮೂನೆಯಲ್ಲಿ ಹೊಟ್ಟಿಗೆ ಜಾಗವಿಲ್ಲ. ಕೇಳಿ ಪತ್ರ ಬರೆದೆವು. "ಹೊಟ್ಟು ಸುಡುವುದನ್ನು ನಿಲ್ಲಿಸಿ ಸಮೀಕ್ಷೆ ಮುಗಿಯುವವರೆಗೆ ಕಟ್ಟಿಗೆ ಸುಡುವಂತೆ ಮನವೊಲಿಸುವುದು" ಎಂದು ಉತ್ತರ ಬಂತು. ಸಾಹೇಬರು ಅದನ್ನು ಎರಡು ಸಲ ಓದಿ, ಸಿರುಗುಪ್ಪವನ್ನು ಪಟ್ಟಿಯಿಂದಲೇ ತೆಗೆದರು.

ಕಚೇರಿ ಕೊಟ್ಟ ಸ್ಪ್ರಿಂಗ್ ತಕ್ಕಡಿಯನ್ನು ಅಪ್ಪನಿಗೆ ತೋರಿಸಿದೆ. ಅವನು ಅದರ ಕೊಕ್ಕೆಯನ್ನು ಒಮ್ಮೆ ಎಳೆದು, ಮೂಸಿ ನೋಡಿದವನಂತೆ ಮುಖ ಮಾಡಿ ಪಕ್ಕಕ್ಕಿಟ್ಟ. ಗೋಡೆಯ ಮೇಲಿದ್ದ ತನ್ನ ಎರಡು ಪರಡಿಯ ತಕ್ಕಡಿ ಇಳಿಸಿದ, ಮುದ್ರೆಯಿದ್ದ ಒಂದು ಕಿಲೋ ಕಲ್ಲು ಕೊಟ್ಟ. "ಗುಡ್ಡಕ್ಕ ಗುಡ್ಡಾನ ತೂಕ ಇಲ್ಲದ ಹೊಂಟೈತಿ. ನಿಮ್ಮ ಸರ್ಕಾರ ಹೆಣಮಕ್ಕಳ ಕಟ್ಟಿಗಿ ತೂಗಾಕ ಹೊಂಟೈತಿ. ಹೋಗ್ಲಿ, ಅದನ್ನರ ಖರೇ ತೂಗು" ಎಂದ.

ತಕ್ಕಡಿ ಹಿಡಿದು ಬಸ್ಸು ಹತ್ತಿದ ಹೆಣ್ಣುಮಗಳನ್ನು ಜನ ಸುಮ್ಮನೆ ಬಿಡುವುದಿಲ್ಲ. ಕುರುಗೋಡಿನ ಬಸ್ ನಿಲ್ದಾಣದಲ್ಲಿ ಒಬ್ಬಾಕೆ ನನ್ನ ಚೀಲದೊಳಗೆ ಇಣುಕಿ "ಟಮಾಟಿ ಹೆಂಗ್ ಕೊಟ್ಟಿ" ಎಂದು ಕೇಳಿದಳು. ಸರ್ಕಾರದ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದೆ. "ಸರ್ಕಾರದೋರು ಟಮಾಟಿ ಮಾರಾಕತ್ಯಾರೇನ" ಎಂದು ಪಕ್ಕದವಳಿಗೆ ಹೇಳಿ ಕನಿಕರದಿಂದ ನನ್ನನ್ನು ನೋಡಿದಳು.

ಬಾದನಹಟ್ಟಿಯಲ್ಲಿ ಯಾರಿಗೆ ಹೊಸ ಒಲೆ, ಯಾರಿಗೆ ಹಳೆಯದು ಎಂದು ಚೀಟಿ ಎತ್ತಿಸಿದೆವು. ಮೊದಲ ಜಗಳ ಅಲ್ಲೇ. ಊರ ಅಂಚಿನ ಮನೆಯ ಒಬ್ಬ ಅಜ್ಜಿಯ ಹೆಸರು ಹಳೆಯ ಒಲೆಯ ಗುಂಪಿಗೆ ಬಂತು. ಮಗ ಸೊಸೆ ಇಬ್ಬರೂ ನಸುಕಿನಲ್ಲೇ ಅದಿರಿನ ಡಿಪೋಗೆ ಕೆಲಸಕ್ಕೆ ಹೋಗುತ್ತಿದ್ದರಿಂದ ಆರು ಜನರ ರೊಟ್ಟಿ ಅವಳ ಕೈಮೇಲೆ ಬಿದ್ದಿತ್ತು. ಕಣ್ಣು ಸದಾ ಕೆಂಪು, ನೀರು ಸೋರುತ್ತಿತ್ತು. ಕಣ್ಣಿನ ಕ್ಯಾಂಪಿನ ಡಾಕ್ಟರು ಹೊಗೆಯ ಹತ್ತಿರ ಹೋಗಬೇಡ, ಹೋದರೆ ಇರುವ ನೋಟವೂ ಹೋಗುತ್ತದೆ ಎಂದು ಹೇಳಿ ಕಳಿಸಿದ್ದರು. ಊರಿನವರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

"ಚೀಟ್ಯಾಗ ಹೆಸರು ಬರ್ಲಿಲ್ಲಂದ್ರ ನನ್ನ ಕಣ್ಣಿಗೆ ಹೊಗಿ ಹತ್ತಂಗಿಲ್ಲೇನವಾ?" ಎಂದು ಕೇಳಿದಳು.

"ಒಂದ ವರ್ಷ ದೊಡ್ಡವ್ವ. ಹೋಲಿಸಿ ನೋಡಾಕ ಹಳೇ ಒಲಿನೂ ಬೇಕಲ್ಲ. ಆಮ್ಯಾಲ ನಿಮಗೂ ಬರ್ತೈತಿ."

"ಅಂದ್ರ ಅವರು ಸುಖಾ ಪಟ್ಟಿದ್ದು ಗೊತ್ತಾಗಾಕ ನಾನು ಒಂದು ವರ್ಷ ಅಳಬೇಕು. ಛಲೋ ಆತು ಬಿಡು."

ಗೃಹವಿಜ್ಞಾನದಲ್ಲಿ ಇದನ್ನು ಕಲಿಸಿರಲಿಲ್ಲ.

ಹೊಸ ಒಲೆಗಳು ಎದ್ದವು, ನನ್ನ ತೂಗಾಟ ಶುರುವಾಯಿತು. ಬೆಳಿಗ್ಗೆ ಮನೆಗೆ ಹೋಗಿ ಆ ದಿನದ ಕಟ್ಟಿಗೆ ತೂಗಿಡಬೇಕು, ಅವರು "ಎಂದಿನಂತೆ" ಅಡುಗೆ ಮಾಡಬೇಕು, ಉಳಿದದ್ದನ್ನು ಮತ್ತೆ ತೂಗಿ ಬರೆದುಕೊಳ್ಳಬೇಕು. ನಮೂನೆಯಲ್ಲಿ ಎಂದಿನಂತೆ ಎಂಬ ಪದಕ್ಕೆ ಕೆಳಗೆ ಗೆರೆ ಎಳೆದಿತ್ತು. ಆ ಗೆರೆ ಎಳೆದವರು ಬಾದನಹಟ್ಟಿಯಲ್ಲಿ ಯಾರ ಮನೆಗೂ ಅತಿಥಿಯಾಗಿ ಹೋದವರಲ್ಲ ಎಂಬುದು ನನಗೆ ಮೊದಲ ಮನೆಯಲ್ಲೇ ತಿಳಿಯಿತು. ಒಲೆ ಕೊಟ್ಟ ಹೆಣ್ಣುಮಗಳು ತಕ್ಕಡಿ ಹಿಡಿದು ಬಾಗಿಲಿಗೆ ಬಂದಿದ್ದಾಳೆ, ಅವಳ ಮುಂದೆ ಬರೀ ಅನ್ನ ಸಾರು ಮಾಡಿದರೆ ಮರ್ಯಾದೆ ಉಳಿಯುತ್ತದೆಯೇ? ಮೊದಲ ಮನೆಯಲ್ಲಿ ಹೋಳಿಗೆ. ಎರಡನೆಯ ಮನೆಯಲ್ಲಿ ಉಗ್ಗಾಣಿ, ಮಿರ್ಚಿ, ಮೇಲೆ ಗೋಧಿ ಹುಗ್ಗಿ. ಮೂರನೆಯವಳಿಗೆ ಎರಡನೆಯವಳ ಮನೆಯಲ್ಲಿ ಏನಾಯಿತೆಂದು ಗೊತ್ತಿದ್ದರಿಂದ ಕರಿಗಡಬೂ ಸೇರಿತು. "ಬರ್ರಿ ಮೇಡಮ್ಮಾರ, ಒಲಿ ಹೆಂಗ್ ಉರೀತೈತಿ ನೋಡ್ರಿ" ಎಂದು ಒಬ್ಬಾಕೆ ಖಾಲಿ ಒಲೆಗೂ ಎರಡು ಕೊರಡು ತುರುಕಿ ತೋರಿಸಿದಳು.

ಹಳೆಯ ಒಲೆಯ ಮನೆಗಳಲ್ಲಿ ಬೇರೆಯೇ ಕಥೆ. ಅವರಿಗೆ ನಾನು ಏನೂ ಕೊಟ್ಟಿರಲಿಲ್ಲ, ಹಾಗಾಗಿ ಅವರೂ ನನಗೆ ಏನೂ ಕೊಡಬೇಕಾಗಿರಲಿಲ್ಲ. ಒಂದು ಲೋಟ ನೀರು, ಅದೂ ಕೇಳಿದರೆ. ದೊಡ್ಡವ್ವ ಅಂತೂ ನಾನು ಬರುವ ವಾರ ಗೊತ್ತುಮಾಡಿಕೊಂಡು, ಹಿಂದಿನ ದಿನವೇ ವಾರಕ್ಕಾಗುವಷ್ಟು ಕಟಕ್ ರೊಟ್ಟಿ ಬಡಿದು ಪುಟ್ಟಿಯಲ್ಲಿ ಒಟ್ಟಿಬಿಡುತ್ತಿದ್ದಳು. ನಾನು ಹೋದಾಗ ಒಲೆಯ ಮೇಲೆ ಬೆಕ್ಕು ಮಲಗಿರುತ್ತಿತ್ತು. "ತೂಗವಾ, ತೂಗು. ಇವತ್ತು ಶೇಂಗಾ ಹಿಂಡಿ, ಒಣ ರೊಟ್ಟಿ. ಕಟ್ಟಿಗಿ ಎಷ್ಟು ಬಂತು ಬರಕೋ" ಎನ್ನುತ್ತಿದ್ದಳು.

ನಾನು ಬರೆದುಕೊಂಡೆ. ಮೂರು ತಿಂಗಳ ಲೆಕ್ಕ ಕೂಡಿಸಿ ನೋಡಿದರೆ ಸರ್ಕಾರದ ಹೊಸ ಒಲೆ ಹಳೆಯದಕ್ಕಿಂತ ಎರಡು ಪಟ್ಟು ಕಟ್ಟಿಗೆ ತಿನ್ನುತ್ತಿತ್ತು.

ಸಾಹೇಬರು ಹಾಳೆ ನೋಡಿ ಕರವಸ್ತ್ರವನ್ನು ಮೊದಲ ಸಲ ಮೂಗಿನಿಂದ ಕೆಳಗಿಳಿಸಿದರು. "ಏನ್ರಮ್ಮಾ ಇದು? ಇದನ್ನ ಕಳಿಸಿದ್ರೆ ಪ್ರಪಂಚ ಉಳಿಬೇಕು ಅಂದ್ರೆ ನಾವು ಒಲೆ ಕೊಡೋದು ನಿಲ್ಲಿಸಬೇಕು ಅಂತ ಅರ್ಥ ಆಗುತ್ತೆ."

"ಹೋಳಿಗೆ ಮಾಡ್ತಾರೆ ಸರ್."

"ಅದನ್ನ ಷರಾ ಕಾಲಂನಲ್ಲಿ ಬರೀಲಿಕ್ಕಾಗುತ್ತೇನ್ರಿ? ಏನಾದ್ರೂ ಮಾಡಿ. ಉಳಿತಾಯ ಬರಲಿಲ್ಲ ಅಂದ್ರೆ ಎರಡನೇ ಕಂತು ಇಲ್ಲ."

ಎರಡನೆಯ ಕಂತು ಇಲ್ಲವೆಂದರೆ ದೊಡ್ಡವ್ವನಿಗೆ ಒಲೆ ಇಲ್ಲ. ನನ್ನ ಕೆಲಸವೂ ಹೋಗುತ್ತಿತ್ತು, ನಿಜ. ಆದರೆ ನನಗೆ ಚುಚ್ಚಿದ್ದು ಆ ಕೆಂಪು ಕಣ್ಣು. ಅವಳಿಗೆ "ಆಮ್ಯಾಲ ಬರ್ತೈತಿ" ಎಂದು ಮಾತು ಕೊಟ್ಟವಳು ನಾನೇ ತಾನೆ.

ನನಗೊಂದು ಉಪಾಯ ಹೊಳೆಯಿತು. ನಮ್ಮ ರಂಜಾನ್ ತಿಂಗಳು ಹತ್ತಿರ ಬಂದಿತ್ತು, ತಿಂಗಳಿಡೀ ಹಗಲು ನನಗೆ ಉಪವಾಸ. ಉಪವಾಸ ಇರುವವಳ ಮುಂದೆ ಯಾರು ಹೋಳಿಗೆ ಹಾಕುತ್ತಾರೆ? ಹನಿ ನೀರೂ ಕುಡಿಯದವಳು ಮೂಲೆಯಲ್ಲಿ ಕೂತು ತೂಗುತ್ತೇನೆ, ಅವರು ಎಂದಿನಂತೆ ಬೇಯಿಸಿಕೊಳ್ಳಲಿ. ಲೆಕ್ಕಾಚಾರ ನನಗೇ ಹೆಮ್ಮೆ ತಂದಿತು. ಮೊದಲ ದಿನ ಹೋಗಿ ಕೂತೆ. ಮನೆಯಾಕೆ ನನ್ನ ಒಣಗಿದ ತುಟಿ ನೋಡಿ ಒಲೆಯನ್ನೇ ಹಚ್ಚಲಿಲ್ಲ. "ರೋಜಾ ಇರೋ ಕೂಸಿನ ಮುಂದ ಒಗ್ಗರಣಿ ವಾಸನಿ ಎಬ್ಬಸಲೇನ? ಪಾಪ ಹತ್ತತೈತಿ" ಎಂದು ಮಕ್ಕಳಿಗೂ ಮಂಡಕ್ಕಿ ಕೊಟ್ಟು ಹೊರಗೆ ಕಳಿಸಿದಳು. ಸುದ್ದಿ ಓಣಿಗೆಲ್ಲ ಹೋಯಿತು. ಆ ವಾರ ಹೊಸ ಒಲೆಯ ಮನೆಗಳಲ್ಲಿ ಕಟ್ಟಿಗೆ ಸೊನ್ನೆ. ಇನ್ನೊಂದು ವಾರ ಕಳೆಯುವಷ್ಟರಲ್ಲಿ ಅವರೇ ಪರಿಹಾರ ಕಂಡುಕೊಂಡರು. ಸಂಜೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಇಡೀ ಓಣಿ ಒಲೆ ಹಚ್ಚಿ, ನನ್ನ ಉಪವಾಸ ಬಿಡಿಸಲು ಮೆಣಸಿನಕಾಯಿ ಬಜ್ಜಿ ಕರಿಯತೊಡಗಿತು. ಅಂಥ ಬಜ್ಜಿಯನ್ನು ನಾನು ಮತ್ತೆ ತಿಂದಿಲ್ಲ, ಅಷ್ಟು ಕಟ್ಟಿಗೆಯನ್ನೂ ಮತ್ತೆ ತೂಗಿಲ್ಲ.

ಸೋತು ದೊಡ್ಡವ್ವನ ಕಟ್ಟೆಯ ಮೇಲೆ ಕೂತೆ. ಖರೇ ತೂಗು ಎಂದು ಅಪ್ಪ ತನ್ನ ಅಂಗಡಿಯ ತಕ್ಕಡಿ ಕೊಟ್ಟಲ್ಲಿಂದ ಹಿಡಿದು ಆಗಿದ್ದನ್ನೆಲ್ಲ ಹೇಳಿದೆ. ಅವಳು ನಕ್ಕು ನಕ್ಕು, ಹೊಗೆಯಿಲ್ಲದೆಯೂ ಕಣ್ಣಲ್ಲಿ ನೀರು ತಂದುಕೊಂಡಳು.

"ಹುಚ್ಚಿ, ನೀ ಹೋದ್ರ ಹಬ್ಬ ಆಗ್ತೈತಿ. ನಾ ಹೋದ್ರ ಯಾರು ಹೋಳಿಗಿ ಹಾಕ್ತಾರ? ಎದ್ದು ಹೋದ್ರ ಸಾಕು ಅಂತಾರ. ಆ ತಕ್ಕಡಿ ನನ್ನ ಕೈಯಾಗ ಕೊಟ್ಟು ಊರಿಗೆ ಹೋಗು."

ಅದು ನಿಜವಾಗಿತ್ತು. ದೊಡ್ಡವ್ವನ ನಾಲಿಗೆಗೆ ಹೆದರದ ಮನೆ ಆ ಓಣಿಯಲ್ಲಿರಲಿಲ್ಲ. ಅವಳಿಗೆ ಓದು ಬರಹ ಬಾರದು. ನಾನು ವಾರಕ್ಕೊಮ್ಮೆ ಬಂದು ಬರೆದುಕೊಳ್ಳುವವರೆಗೆ ನೆನಪಿರಲೆಂದು ತನ್ನ ಮನೆಯ ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಹಾಕಿದಳು. ಕಿಲೋಗೆ ಒಂದು ಉದ್ದ ಗೆರೆ, ತುಂಬದಿದ್ದರೆ ಒಂದು ಗಿಡ್ಡ ಗೆರೆ, ಮನೆಗೊಂದು ಸಾಲು. ತನ್ನದೂ ಒಂದು ಸಾಲು, ಎಲ್ಲಕ್ಕಿಂತ ಉದ್ದ. ಈಗ ಅವಳು ಪುಟ್ಟಿ ರೊಟ್ಟಿಯ ಹಟ ಬಿಟ್ಟಿದ್ದಳು. ತೂಗುವವಳು ತಾನೇ ಆದಮೇಲೆ ಯಾರ ಮೇಲೆ ಹಟ ಮಾಡುವುದು. ಬೆಳಿಗ್ಗೆ ತಕ್ಕಡಿ ಹೆಗಲಿಗೇರಿಸಿಕೊಂಡು ಅವಳು ಬಂದರೆ ಹೆಂಗಸರು ಅಡುಗೆಮನೆಯಿಂದಲೇ "ಬಂತಪಾ ಸರ್ಕಾರ" ಎನ್ನುತ್ತಿದ್ದರು.

ನಾಲ್ಕು ತಿಂಗಳ ಕೊನೆಗೆ ನಿಜವಾದ ಉತ್ತರ ಬಂತು. ಹೊಸ ಒಲೆ ಮೂರರಲ್ಲಿ ಒಂದು ಪಾಲು ಕಟ್ಟಿಗೆ ಉಳಿಸುತ್ತಿತ್ತು. ಸಾಹೇಬರಿಗೆ ಅರ್ಧ ಬೇಕಾಗಿತ್ತು. ಬೇರೆ ಜಿಲ್ಲೆಗಳಿಂದೆಲ್ಲ ಅರ್ಧ ಅರ್ಧ ಎಂದೇ ವರದಿ ಹೋಗಿದ್ದವಂತೆ. ಅದೇ ಕಾರಣಕ್ಕೆ ಇರಬೇಕು, ದೆಹಲಿಯ ತಜ್ಞರೊಬ್ಬರು ನಮ್ಮ ಹಾಳೆಯನ್ನು ನೋಡಿ, ಈ ಮನೆಗಳನ್ನು ಸ್ವತಃ ನೋಡುತ್ತೇನೆ ಎಂದು ಹೊರಟುಬಂದರು. ಒಪ್ಪಿದರೆ ಎರಡನೆಯ ಕಂತು ಖಚಿತ ಎಂದು ಸಾಹೇಬರು ಹೇಳಿದರು. ನಾನು ಓಡಿಹೋಗಿ ದೊಡ್ಡವ್ವನಿಗೆ ತಿಳಿಸಿದೆ. ಮೂಲ ದಾಖಲೆ ನಿಮ್ಮ ಗೋಡೆಯಲ್ಲೇ ಇದೆ, ಅದನ್ನೇ ತೋರಿಸೋಣ ಎಂದೆ.

ಅವರು ಬಂದ ದಿನ ಅದಿರಿನ ಲಾರಿಗಳ ಸಾಲಿನಲ್ಲಿ ಜೀಪು ಸಿಕ್ಕಿಹಾಕಿಕೊಂಡು ಕುರುಗೋಡು ದಾಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತಜ್ಞರು ಸಣಕಲು ಮನುಷ್ಯ, ಬೆಳ್ಳಗೆ ಬಂದವರು ಇಳಿಯುವಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರು. ನಾನು ಅವರನ್ನು ಪಡಸಾಲೆಗೆ ಕರೆದುಕೊಂಡು ಹೋಗಿ ಗೋಡೆಯ ಕಡೆ ಕೈ ತೋರಿಸಿದೆ. ಗೋಡೆ ಹಾಲಿನಷ್ಟು ಬೆಳ್ಳಗಿತ್ತು.

ದೆಹಲಿಯಿಂದ ಅತಿಥಿ ಬರುತ್ತಾರೆಂದು ದೊಡ್ಡವ್ವ ಹಿಂದಿನ ದಿನ ಸುಣ್ಣ ಬಳಿದಿದ್ದಳು.

ಸಾಹೇಬರು ಕಂಬಕ್ಕೆ ಒರಗಿದರು. ನನಗೆ ಅಳು ಬಂತು. ಅವಳೂ ಒಲೆ ಕೊಟ್ಟವರಿಗೆ ಹೋಳಿಗೆ ಮಾಡಿದ ಹೆಂಗಸರ ಊರಿನವಳೇ ಎಂಬುದನ್ನು ನಾನು ಮರೆತುಬಿಟ್ಟಿದ್ದೆ. "ಗ್ವಾಡಿ ಹೊಲಸಾಗಿ ಕಾಣ್ತಿತ್ತವಾ" ಎಂದಳು, ನನ್ನ ಮುಖ ನೋಡಿ ದನಿ ತಗ್ಗಿಸಿ. "ಯಾಕ, ಅದನ್ನ ನೋಡಾಕ ಬಂದಿದ್ರೇನ? ನನ್ನ ಕೇಳಿದ್ರ ಹೇಳ್ತಿದ್ನಲ್ಲ."

ಹೇಳಿದಳು. ಖಾಲಿ ಗೋಡೆಯ ಮುಂದೆ ನಿಂತು, ಮೊದಲ ಸಾಲಿದ್ದ ಜಾಗಕ್ಕೆ ಬೆರಳಿಟ್ಟು ಶುರುಮಾಡಿದಳು. "ಮೂಲಿ ಮನಿಯಾಕಿ. ಮೊದಲ್ನೇ ಸೋಮಾರ ಎರಡು ಉದ್ದ ಒಂದು ಗಿಡ್ಡ. ಗಂಡನ ಕೂಡ ಜಗಳಾಡಿದ್ಲು, ಬರೇ ಅನ್ನ ಇಟ್ಟಿದ್ಲು. ಮಂಗಳಾರ ನಾಕು. ರಾಜಿ ಆದ್ರು, ಕೋಳಿ ತಂದಿದ್ದ." ನಾನು ಉರ್ದು ಬೆರೆತ ಹಿಂದಿಯಲ್ಲಿ ತಜ್ಞರಿಗೆ ಹೇಳುತ್ತ ಹೋದೆ, ಅವರು ನನ್ನ ಪುಸ್ತಕ ಹಿಡಿದು ಒಂದೊಂದೇ ತಾಳೆ ನೋಡಿದರು. ಯಾವ ಮನೆಯಲ್ಲಿ ಜ್ವರ, ಯಾವ ಮನೆಯಲ್ಲಿ ಬೀಗರು, ಯಾರು ಹಸಿ ಕಟ್ಟಿಗೆ ಹಾಕಿ ಸಿಕ್ಕಿಬಿದ್ದರು, ಎಲ್ಲ ಬಂತು. ಒಂದೇ ಕಡೆ ಪುಸ್ತಕಕ್ಕೂ ಅವಳ ಮಾತಿಗೂ ತಾಳೆಯಾಗಲಿಲ್ಲ. ವಿಚಾರಿಸಿದರೆ ತಪ್ಪು ನಾನು ಬರೆದುಕೊಂಡದ್ದರಲ್ಲಿತ್ತು. ತಜ್ಞರು ಕನ್ನಡಕ ತೆಗೆದು ಒರೆಸಿ ಅವಳಿಗೆ ಕೈಮುಗಿದರು. ಆ ಕ್ಷಣ ನನಗಾದ ಖುಷಿ ಇನ್ನೂ ಮೈಮೇಲೆ ಇದೆ.

ಆಮೇಲೆ ಅವರು ತೀರ್ಮಾನ ಹೇಳಿದರು. ಎರಡನೆಯ ಕಂತು ಮಂಜೂರು. ಎಲ್ಲ ಮನೆಗಳಿಗೂ ಒಲೆ, ಒಂದು ಮನೆ ಬಿಟ್ಟು. ಹಳೆಯ ಒಲೆಯ ಲೆಕ್ಕ ಇಷ್ಟು ಚೊಕ್ಕವಾಗಿ ಸಿಗುವ ಮನೆ ದೇಶದಲ್ಲೇ ಅಪರೂಪ, ಇದನ್ನು ಹೋಲಿಕೆಗಾಗಿ ಇನ್ನೂ ಮೂರು ವರ್ಷ ಹೀಗೇ ಕಾಪಾಡಿಕೊಳ್ಳಬೇಕು.

ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಸುಣ್ಣ ಬಳಿದವಳು ಅಡುಗೆಮನೆಯ ಮೂಲೆಯನ್ನೂ ಸಾರಿಸಿ, ಹೊಸ ಒಲೆಗೆಂದು ಜಾಗ ಬಿಟ್ಟಿದ್ದಳು. ನನ್ನ ಮಾತು ಮುಗಿಯುವವರೆಗೆ ಕೇಳಿ ಅಲ್ಲೇ ಕೂತಳು.

"ಅಂದ್ರ ನನ್ನ ನೆನಪು ಛಲೋ ಐತಂತ ನನಗ ಒಲಿ ಇಲ್ಲ. ಮರ್ತಿದ್ರ ಕೊಡ್ತಿದ್ರೇನು?"

ತಜ್ಞರು ಏನಂದಳು ಎಂದು ಕೇಳಿದರು. ಧನ್ಯವಾದ ಹೇಳುತ್ತಿದ್ದಾಳೆ ಎಂದೆ.

ಒಲೆ ಕಟ್ಟುವ ಗೌಂಡಿಗೂ ಇದು ಅನ್ಯಾಯ ಎನಿಸಿತ್ತು. ಗುಟ್ಟಾಗಿ ಅವಳಿಗೊಂದು ಕಟ್ಟಿಕೊಡುತ್ತೇನೆ, ಕೊಳವೆಯನ್ನು ದನದ ಕೊಟ್ಟಿಗೆಯ ಕಡೆ ತಿರುಗಿಸಿದರೆ ಹೊರಗೆ ಯಾರಿಗೂ ಕಾಣುವುದಿಲ್ಲ ಎಂದ. ದಾಖಲೆಯಲ್ಲಿ ಹಳೆಯ ಒಲೆ ಎಂದೇ ಬರೆಯಲು ನಾನು ತಯಾರಿದ್ದೆ. ಒಪ್ಪದವಳು ದೊಡ್ಡವ್ವ. "ತೂಗಿದ್ದು ತೂಗಿದಂಗ ಹೇಳಾಕಿ ನಾನು. ಹೊಸ ಒಲಿ ಇಟ್ರ ಗೆರಿ ಕಡಿಮಿ ಬೀಳ್ತಾವು, ಕಡಿಮಿನ ಹೇಳ್ತೀನಿ. ಆಗ ಸಿಕ್ಕಿ ಬೀಳಾಕಿ ನೀನು. ಬ್ಯಾಡ ಬಿಡವಾ, ಇಷ್ಟು ದಿನ ಅತ್ತೀನಿ, ಇನ್ನ ಮೂರು ವರ್ಷ."

ಮನೆಗೆ ಬಂದು ಊಟಕ್ಕೆ 'ಬ್ಯಾಡ' ಎಂದೆ. ಅಪ್ಪ ಯಾಕೆಂದು ಕೇಳಿ ಎಲ್ಲ ತಿಳಿದುಕೊಂಡ. ಮರುದಿನ ಬೆಳಿಗ್ಗೆ ಅಂಗಡಿಗೆ ಕರೆದ.

"ಹೊಸ ಒಲಿ ಎಷ್ಟು ಉಳಸ್ತೈತಂದಿ?"

"ಮೂರರಾಗ ಒಂದು ಪಾಲು."

ಅವನು ಬೆಂಚಿನ ಕೆಳಗಿಂದ ಎಣ್ಣೆ ಡಬ್ಬ ಎಳೆದ. ಒಂದೊಂದೇ ಕಳ್ಳ ಕಲ್ಲು ತೆಗೆದು ತೂಗಿ ಪಕ್ಕಕ್ಕಿಟ್ಟ. ಒಂದು ಕಿಲೋ ಎಂದು ಹೇಳಿಕೊಂಡು ಮುಕ್ಕಾಲು ಬರುವವು, ಮುಕ್ಕಾಲಿಗೂ ಮಿಕ್ಕಿ ಬರುವವು ಹಲವಿದ್ದವು. ಕೊನೆಗೆ ಯಾವುದೋ ಖರ್ಜೂರದ ವ್ಯಾಪಾರಿಯ ಮಹಾ ಕಲ್ಲೊಂದು ಸಿಕ್ಕಿತು, ನೋಡಲು ಒಂದು ಕಿಲೋ, ಸರಿಯಾಗಿ ಮೂರರಲ್ಲಿ ಒಂದು ಪಾಲು ಟೊಳ್ಳು. ಅದರಲ್ಲಿ ತೂಗಿದರೆ ಎರಡು ಪಾಲು ಕಟ್ಟಿಗೆಯೇ ಮೂರು ಪಾಲಿನಂತೆ ಕಾಣುತ್ತದೆ. ಅದರ ತುಕ್ಕು ಉಜ್ಜಿ, ಕಾಗದದಲ್ಲಿ ಸುತ್ತಿ ಕೊಟ್ಟ.

"ಇದು ಆಕಿ ಮನಿಗಷ್ಟ. ಬ್ಯಾರೆ ಮನಿಗೆ ಖರೇ ಕಲ್ಲು. ಆಕಿಗೆ ಹೇಳಬ್ಯಾಡ, ಆಕಿ ತೂಗಿದ್ದು ತೂಗಿದಂಗ ಹೇಳ್ಲಿ. ಸುಳ್ಳು ನನ್ನ ಮ್ಯಾಲ ಇರ್ಲಿ" ಎಂದು, ಎದ್ದು ಹೋಗಿ ಕೈ ತೊಳೆದುಕೊಂಡ. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಜೀವಮಾನದಲ್ಲಿ ಅವನ ಅಂಗಡಿಯಿಂದ ಹೊರಗೆ ಹೋದ ಕಳ್ಳ ಕಲ್ಲು ಅದೊಂದೇ.

ಹಳೆಯ ಕಲ್ಲು ಬೇರೆ ಮನೆಗಳಿಗೆ, ನಿಮ್ಮದು ಮುಖ್ಯ ಮನೆಯಾದ್ದರಿಂದ ನಿಮಗೆ ಪ್ರತ್ಯೇಕ ಕಲ್ಲು, ಸರ್ಕಾರದ ಹೊಸ ನಿಯಮ ಎಂದು ದೊಡ್ಡವ್ವನಿಗೆ ಹೇಳಿದೆ. ಹೊಸ ಒಲೆ ಇಟ್ಟರೂ ಅಳತೆ ಸರಿಹೋಗುತ್ತದೆ, ಒಂದು ವಾರ ತೂಗಿ ನೋಡಿ ಎಂದೆ. ಅವಳು ಕಲ್ಲನ್ನು ಕೈಯಲ್ಲಿ ಹಿಡಿದು ನನ್ನನ್ನು ಒಂದು ಗಳಿಗೆ ನೋಡಿದಳು. "ನಿಯಮ ಅಂದ್ಮ್ಯಾಲ ಆತು" ಎಂದಳು. ಗೌಂಡಿ ಒಲೆ ಕಟ್ಟಿದ. ಗೆರೆಗಳು ಎಂದಿನಂತೆಯೇ ಬಿದ್ದವು.

ಒಂದು ಸಲ ಸಾಹೇಬರು ಮುನ್ಸೂಚನೆ ಇಲ್ಲದೆ ತಪಾಸಣೆಗೆ ಬಂದರು. ದೊಡ್ಡವ್ವ ಅವರನ್ನು ಪಡಸಾಲೆಯಲ್ಲಿ ಕೂರಿಸಿ, ಒಳಗೆ ಹೋಗಿ ತಿಂಗಳುಗಳಿಂದ ತಣ್ಣಗಿದ್ದ ಹಳೆಯ ಒಲೆಗೆ ಹಸಿ ಹತ್ತಿಕಟ್ಟಿಗೆ ತುರುಕಿ ಹಚ್ಚಿದಳು. ಹೊಗೆಗೆ ಬೆಕ್ಕೇ ಮೊದಲು ಓಡಿತು, ಹಿಂದೆ ಸಾಹೇಬರು. ಅಂಗಳದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತ "ಹೋಲಿಕೆಯ ಮನೆ ತೃಪ್ತಿಕರವಾಗಿ ಮುಂದುವರಿದಿದೆ" ಎಂದು ಬರೆದುಕೊಂಡರು. ಇದು ಸುಳ್ಳಲ್ಲವಾ ದೊಡ್ಡವ್ವ ಎಂದು ಆಮೇಲೆ ಕೇಳಿದೆ. "ನಾನೇನರ ಹೇಳಿದ್ನೇನು? ಒಲಿ ಹಚ್ಚಿದೆ, ಉರೀತು" ಎಂದಳು.

ಮೂರು ವರ್ಷ ಮುಗಿಯಿತು, ಯೋಜನೆಯೂ ಮುಗಿಯಿತು. ಆ ಮನೆಯ ಅಂಕಿಗಳು ಬಹಳ ಸ್ಥಿರವಾಗಿವೆ ಎಂದು ದೆಹಲಿಯಿಂದ ಮೆಚ್ಚುಗೆಯ ಪತ್ರ ಬಂತು. ಯಾವುದೋ ದೊಡ್ಡ ವರದಿಯಲ್ಲಿ ಬಾದನಹಟ್ಟಿಯ ಆ ಒಂದು ಒಲೆ ಈಗಲೂ ಹೊಗೆ ಬಿಡುತ್ತಿರಬೇಕು. ತಕ್ಕಡಿ ವಾಪಸ್ ತರಲು ಹೋದೆ. ನಾನು ಇನ್ನೂ ಓಣಿಯ ಆ ತುದಿಯಲ್ಲಿರುವಾಗಲೇ ದೊಡ್ಡವ್ವ ಕಟ್ಟೆಯಿಂದ "ಬಾರವಾ" ಎಂದು ಕೂಗಿದಳು. ಅಷ್ಟು ದೂರದಿಂದ ಗುರುತು ಹಿಡಿದಳಲ್ಲ ಎಂದು ನನಗೆ ನಿಲ್ಲಲಾಗದಷ್ಟು ಸಂತೋಷವಾಯಿತು.

ಅವಳು ತಕ್ಕಡಿ ಕೊಟ್ಟಳು. ಆಮೇಲೆ ಎರಡು ಕಲ್ಲುಗಳನ್ನು ಎರಡು ಕೈಯಲ್ಲಿ ಹಿಡಿದು, ಬಲಗೈಯದನ್ನು ಮೊದಲು ನನಗೆ ಕೊಟ್ಟಳು. "ಇದು ಖರೇದು." ಎಡಗೈಯದನ್ನು ಸೆರಗಿನಲ್ಲಿ ಒರೆಸಿದಳು. "ಇದು ನಿಮ್ಮಪ್ಪಂದು."

ನಾನು ಅದನ್ನು ತೆಗೆದುಕೊಂಡು ಚೀಲದ ತಳಕ್ಕೆ ತುರುಕಿದೆ.

"ಜೋಳ ಅಳದ ಕೈ ಇದು, ಗೊತ್ತಾಗಂಗಿಲ್ಲೇನವಾ? ಹಿಡದ ದಿನಾನ ಗೊತ್ತಾತು. ತೂಗಿದ್ದು ತೂಗಿದಂಗ ಹೇಳ್ತೀನಂತ ಅಂದಿದ್ದೆ, ಹಂಗ ಹೇಳಿದೆ. ಕಲ್ಲಿನ ಸುದ್ದಿ ಯಾರೂ ಕೇಳಲಿಲ್ಲ. ನನಗ ಗೊತ್ತೈತಂತ ನಿಮ್ಮಪ್ಪಗ ಹೇಳಬ್ಯಾಡ. ಅಷ್ಟು ದೊಡ್ಡ ಮನಿಷ್ಯಾ, ನಾಚಿಕೊಂತಾನ."

ಅಂಗಡಿಗೆ ಬಂದು ಕಲ್ಲನ್ನು ಅಪ್ಪನ ಮುಂದೆ ಇಟ್ಟೆ. ಅವನು ಅದನ್ನು ಡಬ್ಬಕ್ಕೆ ಹಾಕಲು ಬಗ್ಗಿದ, ಹಾಕಲಿಲ್ಲ. ಖರೇ ಕಲ್ಲುಗಳ ಸಾಲಿನ ಕಡೆ ನೋಡಿದ, ಅಲ್ಲೂ ಇಡಲಿಲ್ಲ.

"ಆಕಿಗೆ ಗೊತ್ತಾಗ್ಲಿಲ್ಲ ಹೌದಲ್ಲ?" ಎಂದ.

"ಇಲ್ಲಪ್ಪ."

ಸರ್ಕಾರಕ್ಕೆ ಮೂರು ವರ್ಷ ಸಲೀಸಾಗಿ ಸುಳ್ಳು ಬರೆದವಳಿಗೆ ಅವತ್ತು ಆ ಒಂದು ಮಾತು ಹೇಳುವುದು ಕಷ್ಟವಾಯಿತು. ಅಪ್ಪ ಸಮಾಧಾನದಿಂದ ತಲೆಯಾಡಿಸಿ, ಕಲ್ಲನ್ನು ಸಂಜೆ ಮನೆಗೆ ತಂದು ಅಮ್ಮನ ಕೈಗೆ ಕೊಟ್ಟ. ಅವಳು ಅದನ್ನು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಇಟ್ಟಳು. ಕಲ್ಲು ಹಗುರವಾದ್ದರಿಂದ ಮುಚ್ಚಳ ಬಿಗಿಯಾಗಿ ಕೂರದೆ ಆ ವರ್ಷದ ಮಾವಿನಕಾಯಿಗೆ ಬೂಷ್ಟು ಬಂತು, ಅಮ್ಮ ಕಾರಣ ತಿಳಿಯದೆ ಉಪ್ಪನ್ನು ಬೈದಳು, ಅಪ್ಪ ನಾನು ಇಬ್ಬರೂ ಸುಮ್ಮನೆ ತಿಂದೆವು.